ವಿಭೂತಿ ಗೆರೆಯ ಗಾಲಿ

ಮಾರ್ಚ್ ತಿಂಗಳ ಎರಡನೇ ಸೋಮವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬೈಲಹೊಂಗಲ ಠಾಣೆಯ ಮೆಟ್ಟಿಲು ಹತ್ತಿ ಬಂದ ಶೈಲಜಾ ಪಟ್ಟಣಶೆಟ್ಟಿಯವರ ಎಡಗೈ ಪ್ಲಾಸ್ಟರಿನಲ್ಲಿತ್ತು. ಪೇಟೆಯಲ್ಲಿ ಅರಳೆ ಅಂಗಡಿ ಇರುವ ಮನೆತನ; ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನು ಒಬ್ಬರೇ ನಡೆಸಿಕೊಂಡು ಬಂದ ಗಟ್ಟಿ ಹೆಣ್ಣುಮಗಳು. ಪಿಎಸ್‌ಐ ಸಪ್ನಾ ಹೊಸಮನಿ ಕುರ್ಚಿ ತೋರಿಸಿದರೂ ಕೂರಲಿಲ್ಲ. ಸಿಟ್ಟು ಇಳಿಯುವ ತನಕ ಕೂರುವುದಿಲ್ಲವೆಂದು ಹರಕೆ ಹೊತ್ತವರ ಹಾಗೆ ನಿಂತೇ ಹೇಳಿದರು.

"ಬರಕೋರಿ ಮೇಡಂ. ನಿನ್ನಿ ದೇಗಾಂವದ ಗುಡಿಗೆ ಹೊಂಟಿದ್ವಿ. ಊರ ದಾಟಿ ಕಿತ್ತೂರ ರಸ್ತಾ ಹಿಡದಿದ್ವಿ, ಅಷ್ಟರಾಗ ಮುಂದಿನ ಗಾಲಿ ಢಂ ಅಂತ ಒಡೀತು. ಗಾಡಿ ಹೋಗಿ ಬೇವಿನ ಗಿಡಕ್ಕ ಬಡೀತು. ನನ್ನ ಕೈ ಮುರೀತು. ಇದೆಲ್ಲಾ ಆ ಸಾಗರನ ನಿಷ್ಕಾಳಜಿ."

"ಸಾಗರ ಯಾರ್ರಿ?"

"ನಮ್ಮ ಡ್ರೈವರ್. ಡಿಸೆಂಬರದಾಗ ನಾಕೂ ಗಾಲಿಗೆ ಹೊಸಾ ಟೈರ್ ಹಾಕ್ಸೇನಿ. ಮೂರ ತಿಂಗಳದಾಗ ಹೊಸಾ ಟೈರ್ ಒಡೀತೈತಿ ಅಂದ್ರ ಏನ್ ತಿಳಕೋಬೇಕು? ಅಂವ ಗಾಲಿ ಕಡೆ ನೋಡೇ ಇಲ್ಲ."

ಭಾರತೀಯ ನ್ಯಾಯ ಸಂಹಿತೆಯ ಕಲಂ 281 ಮತ್ತು 125(ಬಿ) ಅಡಿ ಎಫ್‌ಐಆರ್ ದಾಖಲಾಯಿತು. ನಿರ್ಲಕ್ಷ್ಯದ ಚಾಲನೆ, ಅದರಿಂದಾದ ಭಾರೀ ಗಾಯ. ಆರೋಪಿ: ಸಾಗರ ರಾಯಪ್ಪ ದೊಡಮನಿ, ವಯಸ್ಸು ಇಪ್ಪತ್ತಾರು, ಉದ್ಯೋಗ ಚಾಲಕ.

ಶೈಲಜಾ ಹೋದ ಮೇಲೆ ಹೆಡ್ ಕಾನ್‌ಸ್ಟೇಬಲ್ ಲಗಮಣ್ಣ ತನ್ನ ಮೇಜಿನಿಂದ ಒಂದು ಹಾಳೆ ಎತ್ತಿಕೊಂಡು ಬಂದ. ನಿವೃತ್ತಿಗೆ ಹತ್ತಿರವಾದ ಮನುಷ್ಯ. ಹೊಟ್ಟೆ ಮುಂದೆ, ಮಾತು ಅದಕ್ಕಿಂತ ಮುಂದೆ.

"ಮೇಡಮ್ಮಾರ, ಇದೊಂದ್ ತಮಾಷಾ ನೋಡ್ರಿ. ಇದ ಸಾಗರಗ ಸರಕಾರಿ ಬಸ್ಸಿನ ಡ್ರೈವರ್ ನೌಕರಿ ಆಗೈತಿ. ಇಂವನ ಮ್ಯಾಲ ಯಾವುದರ ಪ್ರಕರಣ ಐತೇನು ಅಂತ ನಮ್ಮನ್ನ ಕೇಳ್ಯಾರ. ಇಲ್ಲ ಅಂತ ಬರದ ಇವತ್ತ ಕಳಸಾಂವ ಇದ್ದೆ. ಈಗ ಏನ್ ಬರೀಲಿ?"

ಸಪ್ನಾ ಹಾಳೆಯನ್ನೂ ಎಫ್‌ಐಆರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. ಒಂದು ಅವನನ್ನು ಬಸ್ಸಿನ ಸೀಟಿಗೆ ಏರಿಸುವುದು, ಇನ್ನೊಂದು ಏರದ ಹಾಗೆ ಮಾಡುವುದು. ನಿರ್ಲಕ್ಷ್ಯದ ಚಾಲನೆಯ ಪ್ರಕರಣ ತಲೆಯ ಮೇಲಿರುವವನ ಕೈಗೆ ಐವತ್ತು ಜನರ ಜೀವ ಯಾವ ಇಲಾಖೆಯೂ ಕೊಡುವುದಿಲ್ಲ.

"ಸದ್ಯ ಏನೂ ಬರೀಬ್ಯಾಡ್ರಿ," ಎಂದರು. "ಗಾಲಿ ನೋಡೋಣ ನಡೀರಿ."

ಸಪ್ನಾ ರಾಮದುರ್ಗದ ನೇಕಾರರ ಮಗಳು. ಸೀರೆಯ ಒಂದು ಅಂಚು ಬಿಗಿಯಾಗಿ ಇನ್ನೊಂದು ಸಡಿಲಾದರೆ ಅವರಪ್ಪ ನೂಲನ್ನು ಬೈಯುತ್ತಿರಲಿಲ್ಲ, ಮಗ್ಗದ ಕೆಳಗೆ ಬಗ್ಗಿ ನೋಡುತ್ತಿದ್ದರು. ಆ ಬಗ್ಗಿ ನೋಡುವ ಚಾಳಿ ಮಗಳಿಗೂ ಬಂದಿತ್ತು. ಮೇಲಧಿಕಾರಿಗಳು ಅದನ್ನು ಚಿಕಿತ್ಸಕ ಬುದ್ಧಿ ಎನ್ನುತ್ತಿದ್ದರು, ಲಗಮಣ್ಣ ಮಾತ್ರ ಹೊತ್ತು ಕಳೆಯುವ ಕೆಲಸ ಎನ್ನುತ್ತಿದ್ದ.

ಮಧ್ಯಾಹ್ನ ಎರಡು ಗಂಟೆಗೆ ಇಬ್ಬರು ಪಂಚರ ಸಮಕ್ಷಮ ಸ್ಥಳ ಪಂಚನಾಮೆ ನಡೆಯಿತು. ಕಾರು ಹಳೆಯ ಡೀಸೆಲ್ ಅಂಬಾಸಿಡರ್. ಶೈಲಜಾ ಅವರ ತಂದೆ ಕೊಂಡದ್ದು. ಬಿಳಿ ಬಣ್ಣ ಹಳದಿಯಾಗಿದ್ದರೂ ಒರೆಸಿ ಒರೆಸಿ ಹೊಳಪು ಉಳಿಸಿದ್ದರು. ಗಾಲಿಗಳ ಹೊರಮೈಮೇಲೆ ಬಿಳಿ ಪೇಂಟಿನಲ್ಲಿ ಮೂರು ವಿಭೂತಿ ಗೆರೆ. ತಂದೆಯ ಕಾಲದಿಂದಲೂ ಟೈರು ಹೊಸದು ಬಂದಾಗಲೆಲ್ಲ ಶೈಲಜಾ ತಮ್ಮ ಕೈಯಾರೆ ಎಳೆಯುತ್ತಿದ್ದ ಗೆರೆಗಳು. ಒಡೆದ ಎಡಮುಂದಿನ ಗಾಲಿಯ ಮೇಲೆ ಮಾತ್ರ ಅವು ಇರಲಿಲ್ಲ. ಗಿಡಕ್ಕೆ ಉಜ್ಜಿ ಹೋಗಿರಬೇಕೆಂದು ಯಾರೂ ಅದರ ಮಾತೆತ್ತಲಿಲ್ಲ. ಮಡ್‌ಗಾರ್ಡಿನ ಒಳಗೆ ಜೋಳದ ಹೊಟ್ಟು ಮೆತ್ತಿಕೊಂಡಿತ್ತು. ಸಪ್ನಾ ಚಿಟಿಕೆ ತೆಗೆದು ನೋಡಿದರು.

"ಅದನ್ನೇನ್ ನೋಡ್ತೀರಿ ಮೇಡಮ್ಮಾರ," ಎಂದ ಲಗಮಣ್ಣ. "ಊರ ಮಂದಿಯೆಲ್ಲಾ ರಾಶಿ ತಂದ ರಸ್ತಾದ ಮ್ಯಾಲ ಹಾಸ್ಯಾರ. ನಮ್ಮ ಜೀಪಿನ್ಯಾಗೂ ಅಷ್ಟ ಹೊಟ್ಟ ಐತಿ."

ಮಾತು ಖರೆಯಾಗಿತ್ತು. ಆದರೂ ಪಂಚನಾಮೆಯಲ್ಲಿ ಹೊಟ್ಟಿಗೂ ಒಂದು ಸಾಲು ಸಿಕ್ಕಿತು.

ಮರುದಿನ ಮೋಟಾರು ವಾಹನ ನಿರೀಕ್ಷಕರು ಬಂದು ಕಾರನ್ನು ತಪಾಸಣೆ ಮಾಡಿದರು. ಊರವರ ಬಾಯಲ್ಲಿ ಇವರು ಬ್ರೇಕ್ ಇನ್‌ಸ್ಪೆಕ್ಟರ್. ಬ್ರೇಕು, ಸ್ಟೇರಿಂಗು ಸರಿಯಿದ್ದವು. ಒಡೆದ ಟೈರಿನ ಒಳಬದಿಯ ಅಂಚು ದಾರ ಕಾಣುವಷ್ಟು ಸವೆದಿತ್ತು, ಹೊರಬದಿಯ ಅಂಚಿನಲ್ಲಿ ಹೊಸ ಟೈರಿನ ಗೆರೆ ಹಾಗೇ ಇತ್ತು. ಬಲಮುಂದಿನ ಟೈರಿನಲ್ಲೂ ಒಳ ಅಂಚೇ ಸವೆದಿತ್ತು, ಅಷ್ಟಲ್ಲ. ಎರಡೂ ಮುಂಗಾಲಿಯ ಒಳ ಅಂಚು ಸವೆಯುವುದು ಅಲೈನ್‌ಮೆಂಟ್, ಅಂದರೆ ಗಾಲಿಗಳ ನೇರ ಜೋಡಣೆ, ತಪ್ಪಿದ ಲಕ್ಷಣ, ಚಾಲಕ ಗಮನಿಸಬೇಕಿತ್ತು ಎಂದು ಅವರು ಬರೆದುಕೊಟ್ಟರು. ಕಂಡದ್ದನ್ನು ಕಂಡಂತೆ ಬರೆದಿದ್ದರು. ಅದರಲ್ಲಿ ತಪ್ಪು ಹುಡುಕುವ ಹಾಗಿರಲಿಲ್ಲ.

ಸಂಜೆ ಸಾಗರನನ್ನು ಕರೆಸಿದರು. ಹಣೆಗೆ ಪಟ್ಟಿ, ಇಸ್ತ್ರಿ ಹಾಕಿದ ಅಂಗಿ. ಬೆಂಚಿನ ತುದಿಯಲ್ಲಿ ಕುಳಿತ.

"ದಿನಾ ಗಾಲಿ ನೋಡ್ತಿದ್ದಿ?"

"ನೋಡ್ತಿದ್ದೆರಿ. ಹೊರಗಿಂದ ಛಲೋ ಇತ್ತು."

"ಒಳಗ?"

"ಒಳಗ ಕೈ ಹಾಕಿ ನೋಡಿಲ್ರಿ. ಅದ ನನ್ನ ತಪ್ಪ."

"ಅಲೈನ್‌ಮೆಂಟ್?"

"ಫೆಬ್ರುವರಿ ಕಡೀಗೆ ಮಾಡ್ಸೇನ್ರಿ. ಗಾಡಿ ಎಡಕ್ಕ ಎಳ್ಯಾಕತ್ತಿತ್ತು. ಶ್ರೀಶೈಲಣ್ಣನ ಗ್ಯಾರೇಜಿಗೆ ಒಯ್ದಿದ್ದೆ."

"ನಿನ್ನ ಮಾಲಕರಿಗೆ ಹೇಳಿದ್ದಿ?"

"ಹೇಳೇನ್ರಿ. ಅವರಿಗೆ ಈಗ ನೆನಪಿಲ್ಲೋ ಏನೋ." ಅವನು ತಲೆ ತಗ್ಗಿಸಿದ. "ಮೇಡಂ, ಒಂದ್ ಕೇಳ್ಲೇನ್ರಿ? ನೌಕರಿ ಹೋತೇನ್ರಿ ನಂದು?"

ಸಪ್ನಾ ಟಿಪ್ಪಣಿ ಪುಸ್ತಕ ಮುಚ್ಚಿದರು. ಗೊತ್ತಿಲ್ಲದ್ದನ್ನು ಹೇಳುವುದು ಅವರ ಜಾಯಮಾನವಲ್ಲ. ಆದರೆ ತಪ್ಪು ಮಾಡಿದವನು ಸಾಮಾನ್ಯವಾಗಿ ತನ್ನ ತಪ್ಪನ್ನು ಅಷ್ಟು ಸಲೀಸಾಗಿ ಒಪ್ಪುವುದಿಲ್ಲ ಎಂಬುದು ಅವರ ಮನಸ್ಸಿನಲ್ಲಿ ಉಳಿಯಿತು.

ಬುಧವಾರ ಬೆಳಿಗ್ಗೆ ಜಪ್ತಿಯಾದ ಎರಡೂ ಮುಂಗಾಲಿಗಳನ್ನು ಜೀಪಿಗೆ ಹಾಕಿಕೊಂಡು ಶ್ರೀಶೈಲನ ಗ್ಯಾರೇಜಿಗೆ ಹೋದರು. ಶ್ರೀಶೈಲ ಅಲೈನ್‌ಮೆಂಟ್ ನೋಡುವ ಕಂಪ್ಯೂಟರ್ ಮಷಿನ್ ತಂದು ವರ್ಷವಾಗಿತ್ತು. ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ಬಿಚ್ಚಿರಲಿಲ್ಲ, ಅಷ್ಟು ಅಕ್ಕರೆ.

"ಗಾಲಿ ಹ್ಯಾಂಗ ಸವೀತಾವ, ನನಗ ತಿಳಿಯೂ ಹಂಗ ಹೇಳ್ರಿ," ಎಂದರು ಸಪ್ನಾ.

"ಗಾಳಿ ಹೆಚ್ಚಾದ್ರ ನಟ್ಟನಡುವ ಸವೀತೈತ್ರಿ. ಗಾಳಿ ಕಡಿಮಿ ಆದ್ರ ಎರಡೂ ಅಂಚ. ಶಾಕ್ ಅಬ್ಸಾರ್ಬರ್ ಹೋಗಿದ್ರ ಅಲ್ಲಲ್ಲೆ ತಗ್ಗ ಬೀಳ್ತಾವು. ಎರಡೂ ಮುಂದಿನ ಗಾಲಿ ಒಳಗ ಸವದ್ರ ಅಲೈನ್‌ಮೆಂಟ್."

"ಇವೂ ಒಳಗ ಸವದಾವ. ಅಲೈನ್‌ಮೆಂಟ್ ನೀವ ಮಾಡೀರಿ."

ಶ್ರೀಶೈಲನ ಮುಖ ಸಣ್ಣದಾಯಿತು. "ಮಾಡೇನ್ರಿ. ಡಿಸೆಂಬರದಾಗೂ ಮಾಡೇನಿ, ಫೆಬ್ರುವರಿದಾಗೂ ನೋಡೇನಿ. ಮಷಿನ್ನಿನ್ಯಾಗ ಎಲ್ಲಾ ಬರೋಬರಿ ಇತ್ತು."

"ಗಾಲಿ ಹ್ಯಾಂಗಿತ್ತು?"

"ಮಷಿನ್ ನೋಡಿದೆರಿ ಮೇಡಂ," ಎಂದು ಅವನು ಕಿವಿ ತುರಿಸಿಕೊಂಡ, "ಗಾಲಿ ನೋಡ್ಲಿಲ್ಲ."

ಲಗಮಣ್ಣ ನಕ್ಕ. ಸಪ್ನಾ ನಗಲಿಲ್ಲ. ಅಲೈನ್‌ಮೆಂಟ್ ಸರಿಯಿದ್ದ ಗಾಡಿಯ ಗಾಲಿ ಅಲೈನ್‌ಮೆಂಟ್ ತಪ್ಪಿದ ಗಾಡಿಯಂತೆ ಸವೆದಿದೆ ಎಂದರೆ ಮಷಿನ್ ಸುಳ್ಳು ಹೇಳಬೇಕು, ಇಲ್ಲವೇ ಗಾಲಿ. ಮಷಿನ್ನಿಗೆ ಸುಳ್ಳು ಹೇಳಿ ಆಗಬೇಕಾದ್ದೇನೂ ಇರಲಿಲ್ಲ. ಅವರು ಒದ್ದೆ ಬಟ್ಟೆ ಕೇಳಿ, ಒಡೆದ ಟೈರನ್ನು ಮಗುಚಿ ಹಾಕಿ, ಕಾರಿನ ಒಳಕ್ಕೆ ಮುಖಮಾಡಿದ್ದ ಕಡೆಯ ಗ್ರೀಸು, ಮಣ್ಣು ಉಜ್ಜತೊಡಗಿದರು. ಏನು ಹುಡುಕುತ್ತಿದ್ದೇನೆಂದು ಅವರಿಗೂ ಗೊತ್ತಿರಲಿಲ್ಲ. ಮಗ್ಗದ ಕೆಳಗೆ ಬಗ್ಗುವಾಗ ಅಪ್ಪನಿಗೂ ಗೊತ್ತಿರುತ್ತಿರಲಿಲ್ಲ.

ಮಣ್ಣಿನ ಕೆಳಗಿನಿಂದ ಒಂದು ಬಿಳಿ ಗೆರೆ ಎದ್ದಿತು. ಆಮೇಲೆ ಇನ್ನೊಂದು. ಆಮೇಲೆ ಮೂರನೆಯದು.

"ಲಗಮಣ್ಣಾರ, ವಿಭೂತಿ ಗಾಲಿಯ ಒಳಮಗ್ಗಲಿಗೆ ಯಾರರ ಹಚ್ಚತಾರೇನ್ರಿ?"

ಲಗಮಣ್ಣ ಬಗ್ಗಿ ನೋಡಿದ. ಅವನ ನಗೆ ನಿಂತಿತು. "ಇಲ್ರಿ. ಅಲ್ಲೆ ಹಚ್ಚಿದ್ರ ಯಾ ದೇವರಿಗೆ ಕಾಣತೈತಿ?"

"ಹಂಗಾರ ಈ ಟೈರ್ ಉಲ್ಟಾ ಹಾಕ್ಯಾರ," ಎಂದ ಶ್ರೀಶೈಲ, ತನ್ನ ಮೇಲಿನ ಭಾರ ಇಳಿದ ಸಂತೋಷದಲ್ಲಿ. "ರಿಮ್ಮಿನಿಂದ ಬಿಚ್ಚಿ, ಮಗಚಿ ಹಾಕ್ಯಾರ್ರಿ. ಸವದ ಅಂಚ ಮೊದಲ ಹೊರಗಿತ್ತು. ಅದನ್ನ ಒಳಗ ಮಾಡ್ಯಾರ, ಕಾಣಬಾರದು ಅಂತ."

ಸಪ್ನಾ ಬಳಪ ತೆಗೆದುಕೊಂಡು ನೆಲದ ಮೇಲೆ ಕಾರಿನ ಚಿತ್ರ ಬರೆದರು. ಎಡಗಾಲಿಯನ್ನು ಮೊದಲಿದ್ದಂತೆ ತಿರುಗಿಸಿದರೆ ಅದರಲ್ಲಿ ಸವೆದದ್ದು ಹೊರ ಅಂಚು, ಅಂದರೆ ಎಡ ಅಂಚು. ಬಲಗಾಲಿಯಲ್ಲಿ ಸವೆದದ್ದು ಒಳ ಅಂಚು. ಅದೂ ಎಡ ಅಂಚೇ. ಎರಡೂ ಗಾಲಿ ಎಡಗಡೆಯಲ್ಲೇ ಸವೆದಿವೆ. ಅವರು ಚಿತ್ರವನ್ನು ಬಹಳ ಹೊತ್ತು ನೋಡಿದರು.

ಠಾಣೆಗೆ ಬಂದ ಮೇಲೆ ಅಂಗಳದ ಬೇವಿನ ಗಿಡ ತೋರಿಸಿ, "ಲಗಮಣ್ಣಾರ, ಈ ಗಿಡ ಬಲಕ್ಕ ಇಟ್ಟುಕೊಂಡ ಒಂದ್ ಹತ್ತ ಸುತ್ತ ಓಡ್ರಿ" ಎಂದರು.

"ನಾನ್ರಿ?"

"ನೀವ. ಲಗೂ."

ಮೂವತ್ತು ವರ್ಷ ಸರ್ವೀಸಿನಲ್ಲಿ ಕಳ್ಳರ ಹಿಂದೆಯೂ ಅಷ್ಟು ಓಡದ ಲಗಮಣ್ಣ ಗಿಡದ ಸುತ್ತ ಓಡಿದ. ಕಾನ್‌ಸ್ಟೇಬಲ್‌ಗಳೆಲ್ಲ ಕಿಟಕಿಗೆ ಬಂದು ನಿಂತರು. ಆರನೇ ಸುತ್ತಿಗೆ ಅವನು ಗಿಡ ಹಿಡಿದು ನಿಂತುಬಿಟ್ಟ.

"ಕಾಲು ಯಾವ ಕಡೆ ಒತ್ತತಾವ್ರಿ?"

"ಎಡಕ್ಕರಿ," ಎಂದ ಏದುಸಿರು ಬಿಡುತ್ತ. "ಎಡಗಾಲಿನ ಹೊರ ಅಂಚು, ಬಲಗಾಲಿನ ಒಳ ಅಂಚು. ಎರಡೂ ಬೂಟಿನ ಎಡಮಗ್ಗಲ ಉರ್ಯಾಕತ್ತೈತಿ ಮೇಡಮ್ಮಾರ."

"ಗಾಡಿಗೂ ಹಂಗ ಆಗೈತಿ. ಬಲಕ್ಕ, ಬಲಕ್ಕ, ಬರೇ ಬಲಕ್ಕ ತಿರುಗೇತಿ. ಒಂದ್ ದಿನ ಎರಡ ದಿನ ಅಲ್ಲ."

"ನಮ್ಮ ಕಡೆ ಅಂಥಾ ರಸ್ತಾ ಎಲ್ಲೈತ್ರಿ?"

ಅದೇ ಸಪ್ನಾರನ್ನೂ ಕೊರೆಯುತ್ತಿದ್ದ ಪ್ರಶ್ನೆ. ಅಂಥ ರಸ್ತೆ ಇರಲಿಲ್ಲ. ರಸ್ತೆಯಲ್ಲದಿದ್ದರೆ ಮತ್ತೆಲ್ಲಿ? ಸಾಗರನನ್ನು ಮತ್ತೆ ಕರೆಸಿದರು. ಈ ಸಲ ಪ್ರಶ್ನೆ ಬೇರೆಯಿದ್ದವು.

"ಎಡಗಾಲಿ ಮ್ಯಾಲಿನ ವಿಭೂತಿ ಗೆರಿ ಯಾವಾಗ ಹೋದ್ವು?"

ಸಾಗರ ಕಣ್ಣರಳಿಸಿದ. "ನಾ ಸೂಟಿ ಮುಗಿಸಿ ಬಂದಾಗ ಇದ್ದಿದ್ದಿಲ್ರಿ. ಪಂಕ್ಚರ್ ಆಗಿತ್ತು, ತಿಕ್ಕಿ ತೊಳಿಯೂವಾಗ ಹೋದ್ವು ಅಂದ್ರು."

"ಯಾರಂದ್ರು? ಯಾವ ಸೂಟಿ?"

"ಬಸ್ಸಿನ ಡ್ರೈವಿಂಗ್ ಪರೀಕ್ಷಾ ಇತ್ತಲ್ರಿ, ತಯಾರಿಗೆ ಫೆಬ್ರುವರಿದಾಗ ಹುಬ್ಬಳ್ಳಿಗೆ ಹೋಗಿದ್ದೆ. ಮನಿ ಮುಂದ ನಿಂತ್ರ ಬ್ಯಾಟ್ರಿ ಇಳೀತೈತಿ ಅಂತ ಶೈಲಜಾ ಅಕ್ಕಾರು ಗಾಡೀನ ಅವರ ಅಣ್ಣನ ಕಡೆ ಬಿಟ್ಟಿದ್ರು. ಸಿರಸಂಗ್ಯಾಗ. ಮಡಿವಾಳೆಪ್ಪ ಕಾಕಾ ಅಂತ. ಅವರ ಅಂದ್ರು."

"ಇದನ್ನ ಮೊದಲ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ರಿ," ಎಂದ ಅವನು ಮೆಲ್ಲಗೆ. "ಮತ್ತ ಕಾಕಾ ಭಾಳ ಛಲೋ ಮನಷ್ಯಾರ್ರಿ. ಅವರ ಹೆಸರ ತಗದ ನಾ ಪಾರಾಗಬಾರ್ದು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಈ ಎಮ್ಮೆಯೋ ಬರೆಯ ಮುಂದೆ ತಾನಾಗಿ ಬೆನ್ನು ಒಡ್ಡಿಕೊಂಡು ನಿಂತಿತ್ತು. ಸಪ್ನಾಗೆ ಅವನ ಮೇಲೆ ಸಿಟ್ಟೂ ಬಂತು, ಅಕ್ಕರೆಯೂ ಬಂತು.

ಗುರುವಾರ ಬೆಳಿಗ್ಗೆ ಜೀಪು ಯರಗಟ್ಟಿಗೆ ಹೊರಟಿತು. ಟೈರನ್ನು ರಿಮ್ಮಿನಿಂದ ಬಿಚ್ಚುವುದು ಮನೆಯಲ್ಲಿ ಆಗುವ ಕೆಲಸವಲ್ಲ. ಸಿರಸಂಗಿಯವರಿಗೆ ಹತ್ತಿರದ ಪೇಟೆ ಯರಗಟ್ಟಿ. ಬಸ್ ನಿಲ್ದಾಣದ ಆಚೆ ಮೊದಲೆರಡು ಪಂಕ್ಚರ್ ಅಂಗಡಿಯವರು ತಲೆಯಾಡಿಸಿದರು. ಮೂರನೆಯದು ಸತ್ಯವ್ವನದು. ಗಂಡ ಲಾರಿ ಟೈರು ನೋಡಿಕೊಂಡರೆ ಈಕೆ ಕಾರು, ಬೈಕು ನೋಡಿಕೊಳ್ಳುವಳು.

"ವಿಭೂತಿ ಗಾಡೀನ್ರಿ? ಬಂದಿತ್ತಲ್ರಿ," ಎಂದಳು ಟ್ಯೂಬನ್ನು ನೀರಿನಲ್ಲಿ ಅದ್ದುತ್ತ. "ಹೋದ ತಿಂಗಳ. ಸಿರಸಂಗಿ ಅಜ್ಜಾರು ತಂದಿದ್ರು."

"ಪಂಕ್ಚರ್ ಆಗಿತ್ತೇನು?"

"ಇಲ್ರಿ. ಹೊರಗಿನ ಅಂಚ ತೇದ ದಾರ ಕಾಣಾಕತ್ತಿತ್ತು. ಇದನ್ನ ತಗದ ಸ್ಟೆಪ್ನಿ ಮಾಡ್ರಿ, ಓಡಸಬ್ಯಾಡ್ರಿ ಅಂದೆ. 'ಉಲ್ಟಾ ಹಾಕವ್ವಾ, ನನ್ನ ತಂಗಿಗೆ ಕಾಣಬಾರದು. ಸುಗ್ಗಿ ಮುಗದ ಮ್ಯಾಲ ಹೊಸಾದು ನಾನ ಹಾಕಸ್ತೇನಿ' ಅಂದ್ರು. ವಯಸ್ಸಾದವರು ಕೈ ಮುಗದ್ರು, ಹಾಕಿಕೊಟ್ಟೆ." ಆಮೇಲೆ ಅವಳ ಕೈ ನೀರಿನಲ್ಲೇ ನಿಂತಿತು. "ಯಾಕ್ರಿ, ಏನರ ಆತೇನ್ರಿ?"

"ಆಗೇತಿ," ಎಂದರು ಸಪ್ನಾ. ಸತ್ಯವ್ವನ ಹೇಳಿಕೆ ದಾಖಲಾಯಿತು. ಸಹಿ ಮಾಡುವಾಗ ಅವಳು ಎರಡು ಸಲ ಕಣ್ಣೊರೆಸಿಕೊಂಡಳು.

ಸಿರಸಂಗಿಯಲ್ಲಿ ಮಡಿವಾಳೆಪ್ಪನ ಮನೆ ಊರ ಅಂಚಿನಲ್ಲಿ, ಹೊಲಕ್ಕೆ ಹೊಂದಿಕೊಂಡು ಇತ್ತು. ಅರವತ್ತೈದು ದಾಟಿದ ಎತ್ತರದ ಮನುಷ್ಯ, ತಲೆಗೆ ಪಟಗ, ಹಣೆಯ ತುಂಬ ವಿಭೂತಿ. ಜೀಪು ಕಂಡು ಎದ್ದು ನಿಂತರು. ಹೆಂಡತಿ ಇಂದ್ರವ್ವ ನೀರಿನ ಜೊತೆ ಬೆಲ್ಲ ತಂದಿಟ್ಟಳು.

"ಫೆಬ್ರುವರಿದಾಗ ಗಾಡಿ ಎಲ್ಲಿತ್ತರಿ ಕಾಕಾರ?"

"ಶೆಡ್ಡಿನಾಗರಿ."

"ಓಡಸಿದ್ರೇನು?"

"ದಿನಾ ಒಂದ್ ಸಲ ಚಾಲೂ ಮಾಡಿ ಇಡತಿದ್ದೆ. ಬ್ಯಾಟ್ರಿಗೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಡಿವಾಳೆಪ್ಪ ಹೆಗಲು ಮುಟ್ಟಿಕೊಳ್ಳಲಿಲ್ಲ, ಮನೆಯ ಹಿಂದಿನ ಬಯಲಿನ ಕಡೆ ಒಮ್ಮೆ ಕಣ್ಣು ಹಾಯಿಸಿದರು, ಅಷ್ಟೇ. ಸಪ್ನಾ ಲೋಟ ಕೆಳಗಿಟ್ಟು ಆ ಕಡೆಗೇ ನಡೆದರು.

ಅಲ್ಲಿ ಕಣವಿತ್ತು. ತೆನೆ ಹರವಿ ಕಾಳು ತುಳಿಸುವ ದುಂಡನೆಯ ಜಾಗ. ನಡುವೆ ಮೇಟಿ ಕಂಬ ನೆಟ್ಟಿತ್ತು, ಅದರ ತುದಿಗೆ ಜೋಳದ ತೆನೆಯ ಕಟ್ಟು, ಬುಡಕ್ಕೆ ವಿಭೂತಿ. ಮಣ್ಣಿಗೆ ಸಗಣಿ ಸಾರಿಸಿದ ಕಣವಲ್ಲ ಇದು. ಹೊಸದಾಗಿ ಸಿಮೆಂಟ್ ಹಾಕಿಸಿದ್ದು. ಮೇಟಿಯ ಸುತ್ತ ಆ ಬಿಳಿ ಸಿಮೆಂಟಿನ ಮೇಲೆ ಕಪ್ಪು ಬಳೆಗಳು ಬಿದ್ದಿದ್ದವು, ಒಂದರ ಪಕ್ಕ ಒಂದು, ಟೈರಿನಷ್ಟೇ ಅಗಲ. ಅಂಚಿನಲ್ಲಿ ಹೊಟ್ಟಿನ ಗುಡ್ಡೆ ಇತ್ತು. ಸಪ್ನಾ ಬಗ್ಗಿ ಬೆರಳಿನಿಂದ ಕಪ್ಪನ್ನು ಉಜ್ಜಿದರು. ರಬ್ಬರು.

"ಕಾಕಾರ," ಎಂದರು ಎದ್ದು ನಿಂತು, "ಅಂಬಾಸಿಡರಿಲೆ ಹಂತಿ ಹೊಡದೀರೇನ್ರಿ?"

ಎತ್ತುಗಳನ್ನು ಸಾಲಾಗಿ ಕಟ್ಟಿ ಮೇಟಿಯ ಸುತ್ತ ತಿರುಗಿಸಿ ತೆನೆ ತುಳಿಸುವುದಕ್ಕೆ ಈ ಸೀಮೆಯಲ್ಲಿ ಹಂತಿ ಎನ್ನುತ್ತಾರೆ. ತಿರುಗುವವರಿಗೂ ಎತ್ತುಗಳಿಗೂ ದಣಿವು ತಿಳಿಯದಿರಲೆಂದು ಹಾಡುವ ಹಾಡಿಗೂ ಅದೇ ಹೆಸರು.

ಮಡಿವಾಳೆಪ್ಪ ಪಟಗ ಬಿಚ್ಚಿ ಕೈಯಲ್ಲಿ ಹಿಡಿದರು. "ಹೊಡದೇನ್ರಿ," ಎಂದರು.

"ಎಷ್ಟ ದಿನ?"

"ಗಾಡಿ ಇರೂತನಾ. ನಮ್ಮ ಜ್ವಾಳ ಮುಗೀತು. ಆಮ್ಯಾಲ ಓಣಿಯವರೂ ಕೇಳಿದ್ರು, ಅವರ ತೆನಿನೂ ತುಳಸಿದೆ. ಹ್ವಾದ ವರ್ಷ ಗಾಡಿ ಇಲ್ಲಿಗೆ ಬಂದಾಗ ಮಣ್ಣಿನ ಕಣದಾಗೂ ಎರಡ ದಿನ ತುಳಸಿದ್ದೆ, ಗಾಲಿಗೆ ಏನೂ ಆಗಿದ್ದಿಲ್ಲ. ಸಿಮೆಂಟ ಹಿಂಗ ತಿಂತೈತಿ ಅಂತ ಗೊತ್ತಿದ್ದಿಲ್ರಿ."

"ಬರೇ ಬಲಕ್ಕ ಯಾಕ ತಿರುಗಿಸಿದ್ರಿ?"

ಆ ಪ್ರಶ್ನೆಗೆ ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಮೇಟಿ ಅಂದ್ರ ದೇವರಲ್ರಿ? ಬಲಕ್ಕ ಇಟ್ಟಕೊಂಡ ಸುತ್ತಬೇಕು. ಎತ್ತ ಇರ್ಲಿ, ಗಾಡಿ ಇರ್ಲಿ. ಎಡಕ್ಕ ಹಾಕಿದ್ರ ರಾಶಿಗೆ ಹುಲುಸ ಹತ್ತೂದಿಲ್ಲ."

"ಅರ್ಧಾ ದಿನ ಎಡಕ್ಕ ತಿರಗಿಸಿದ್ರ ಗಾಲಿ ಎರಡೂ ಕಡೆ ಸಮಾ ಸವೀತಿದ್ವು, ನಮಗ ಸುಳಿವ ಸಿಗತಿದ್ದಿಲ್ಲ," ಎಂದು ಲಗಮಣ್ಣ ಸಪ್ನಾರ ಕಿವಿಯಲ್ಲಿ ಗೊಣಗಿದ. ಅವರು ಕಣ್ಣಿನಲ್ಲೇ ಗದರಿ ಮಡಿವಾಳೆಪ್ಪನ ಕಡೆ ತಿರುಗಿದರು.

"ದಾರ ಕಂಡಿತ್ತು. ಸತ್ಯವ್ವ ಓಡಸಬ್ಯಾಡ್ರಿ ಅಂದಿದ್ಳು. ಗೊತ್ತಿದ್ದೂ ಉಲ್ಟಾ ಹಾಕ್ಸಿ ತಂಗಿಗೆ ಕೊಟ್ರಿ."

"ಹೌದ್ರಿ."

"ತಂಗೀ ಕೈ ಮುರದ ಮ್ಯಾಲ?"

"ದವಾಖಾನಿಗೆ ಹೋಗಿದ್ದೆ. ಆಕಿ 'ಎಲ್ಲಾ ಸಾಗರನ ತಪ್ಪ' ಅಂದ್ಳು. ಬಾಯಿ ತುದಿಗೆ ಬಂದಿತ್ರಿ. ಮಂದಿ ಇದ್ರು, ನಾಚಿಕಿ ಆತು. ನಾಳೆ ಹೇಳೋಣ ಅಂದೆ. ನಾಳೆ ಮತ್ತ ನಾಳೆ ಆತು."

"ಆ ಹುಡುಗಗ ಸರಕಾರಿ ನೌಕರಿ ಬಂದಿತ್ತು. ನಿಮ್ಮ ಈ ನಾಳೆಗೆ ಅದು ಹೋಗೂದಿತ್ತು. ಗೊತ್ತಿತ್ತೇನ್ರಿ?"

ಮಡಿವಾಳೆಪ್ಪ ಮುಖವೆತ್ತಿದರು. "ನೌಕರಿ?" ಎಂದರು. "ಸೂಟಿ ಹೋಗ್ಯಾನ ಅಂತಷ್ಟ ತಂಗಿ ಹೇಳಿದ್ಳು. ಅಯ್ಯೋ ಶಿವನ." ಅಷ್ಟು ಹೇಳಿ ಮೇಟಿಯ ಬುಡದಲ್ಲಿ ಕುಳಿತುಬಿಟ್ಟರು.

ಮಾತಾಡಿದ್ದು ಬಾಗಿಲ ಬಳಿ ನಿಂತಿದ್ದ ಇಂದ್ರವ್ವ. "ನಾ ಒಂದ ಮಾತ ಹೇಳಲೇನ್ರಿ ಮೇಡಂ? ನಮ್ಮ ಜೋಡೆತ್ತಿನ್ಯಾಗ ಒಂದು ಚರ್ಮಗಂಟಿನ ಬ್ಯಾನಿಗೆ ಸತ್ತಿತ್ರಿ. ಒಂಟಿ ಎತ್ತ ಇಟ್ಟಕೊಂಡ ಏನ್ ಮಾಡೂದಂತ ಇನ್ನೊಂದ ಮಾರಿದ್ವಿ. ಅವತ್ತಿನಿಂದ ಇವರು ಹಾಡಿದ್ದಿಲ್ರಿ. ಸುತ್ತ ಹಳ್ಳಿಯಿಂದ ಇವರ ಹಂತಿ ಹಾಡ ಕೇಳಾಕ ಬರತಿದ್ರು. ರಾಶಿ ಮಷಿನ್ ತಂದ್ರ ಅದರ ಗದ್ದಲದಾಗ ಯಾರ ಹಾಡತಾರ, ಯಾರ ಕೇಳತಾರ? ಆ ಗಾಡಿ ಮೊದಲನೇ ಗೇರಿನ್ಯಾಗ ಹೋದ್ರ ಗುರ್ ಗುರ್ ಅಂತ ಎತ್ತಿನಂಗ ಮೆಲ್ಲಕ ಹೋಗತೈತ್ರಿ. ಕಿಡಕಿ ಇಳಿಸಿ ಹಾಡಾಕತ್ತಿದ್ರು. ಓಣಿ ಹೆಣಮಕ್ಕಳೆಲ್ಲಾ ಬಂದ ಕುಂತ ಕೇಳಿದ್ರು. ತೆನಿ ಮುಗದ್ರೂ ಮಂದಿ ಇನ್ನಷ್ಟ ತೆನಿ ತಂದ ಹಾಕಿದ್ರು. ಜ್ವಾಳಕ್ಕಲ್ಲ, ಹಾಡಿಗೆ."

ಕಪ್ಪು ಬಳೆಗಳ ಮೇಲೆ ಒಂದು ಗುಬ್ಬಿ ಕಾಳು ಹೆಕ್ಕುತ್ತಿತ್ತು. ಸಪ್ನಾಗೆ ಈ ಮನುಷ್ಯನನ್ನು ಬಂಧಿಸುವ ಮನಸ್ಸಿರಲಿಲ್ಲ, ಅದನ್ನು ಮುಚ್ಚಿಟ್ಟುಕೊಳ್ಳುವುದೂ ಬೇಕಿರಲಿಲ್ಲ. ಆದರೆ ಇಂದ್ರವ್ವನ ಮಾತು ಕೇಳಿದ ಕಿವಿಯಲ್ಲೇ "ನೌಕರಿ ಹೋತೇನ್ರಿ ನಂದು" ಎಂಬುದೂ ಇತ್ತು. ಕಣದ ಪಂಚನಾಮೆ ಮುಗಿಸಿ, ಸಿಮೆಂಟಿನ ಮೇಲಿನ ರಬ್ಬರನ್ನು ಕೆರೆದು ಪಾಕೀಟಿಗೆ ಹಾಕಿ ಸೀಲು ಮಾಡಿಸಿ, ಮಧ್ಯಾಹ್ನ ಹನ್ನೆರಡಕ್ಕೆ ಮಡಿವಾಳೆಪ್ಪನವರನ್ನು ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡರು. ಹಿಂದೆ ಕೂರಿಸುವುದು ವಾಡಿಕೆ. ಲಗಮಣ್ಣ ತಾನೇ ಹಿಂದೆ ಹತ್ತಿದ.

ಠಾಣೆಗೆ ಶೈಲಜಾ ಮೊದಲೇ ಬಂದಿದ್ದರು. ಸಪ್ನಾ ನಡೆದದ್ದನ್ನು ಹೇಳಿದರು. ಈ ಸಲವೂ ಅವರು ಕುರ್ಚಿಯಲ್ಲಿ ಕೂರಲಿಲ್ಲ. ಅಣ್ಣನ ಮುಂದೆ ಹೋಗಿ ನಿಂತರು.

"ಅಪ್ಪನ ಗಾಡೀನ ಎತ್ತ ಮಾಡಿದೆಲ್ಲೋ ಅಣ್ಣಾ."

"ಹೊಲ ನನಗ ಬಂತು, ಗಾಡಿ ನಿನಗ ಹೋತು," ಎಂದರು ಮಡಿವಾಳೆಪ್ಪ ನೆಲ ನೋಡುತ್ತ. "ಅಪ್ಪನ ಕಣ, ಅಪ್ಪನ ಗಾಡಿ ಎರಡೂ ಕೂಡಿದ್ವು ಅಂತ ಖುಷಿ ಆಗಿತ್ತವ್ವಾ. ನಿನ್ನ ಕೈ ಹಿಂಗ ಆಗತೈತಿ ಅಂತ ತಿಳೀಲಿಲ್ಲ."

"ಕೈ ಬಿಡು, ಕೂಡತೈತಿ. ಆ ಹುಡುಗನ್ನ ಮಂದಿ ಮುಂದ ಏನೇನ್ ಅಂದೇನಿ ನಾನು!" ಶೈಲಜಾ ಆಗ ಕುರ್ಚಿಯಲ್ಲಿ ಕುಸಿದು ಕೂತರು.

ಸಾಗರನ ಹೆಸರನ್ನು ಪ್ರಕರಣದಿಂದ ಕೈಬಿಟ್ಟು, ಕಲಂ 125(ಬಿ) ಅಡಿ ಮಡಿವಾಳೆಪ್ಪನವರನ್ನು ಆರೋಪಿಯೆಂದು ಸೇರಿಸಲು ನ್ಯಾಯಾಲಯಕ್ಕೆ ವರದಿ ಸಿದ್ಧವಾಯಿತು. ಜಾಮೀನು ಸಿಗುವ ಅಪರಾಧ; ಸಂಜೆಯೊಳಗೆ ಠಾಣೆಯಲ್ಲೇ ಬಿಡುಗಡೆಯಾಗುವುದಿತ್ತು. ಆ ಹೊತ್ತಿಗೆ ಲಗಮಣ್ಣ ಅಂಗಳದಲ್ಲಿ ಠಾಣೆಯ ಜೀಪಿನ ಪಕ್ಕ ಮೊಣಕಾಲೂರಿ ಗಾಲಿಯ ಒಳ ಅಂಚಿಗೆ ಕೈಯಾಡಿಸುತ್ತಿದ್ದ. ಹೊರಗೆ ಕಣ್ಣು, ಒಳಗೆ ಕೈ, ವಾರಕ್ಕೊಮ್ಮೆ ಗಾಳಿ, ಆಗಾಗ ಮುಂದಿನವು ಹಿಂದಕ್ಕೆ ಎಂದು ಶ್ರೀಶೈಲ ಹೇಳಿಕೊಟ್ಟದ್ದನ್ನು ಬಂದವರಿಗೆಲ್ಲ ತನ್ನದೇ ಶೋಧವೆಂಬಂತೆ ಹೇಳುತ್ತಿದ್ದ. ಜೀಪಿನ ಒಂದು ಟೈರು ಅವನ ಕೈಗೆ ಏನು ಹೇಳಿತೋ, ಮುಖ ಹುಳ್ಳಗೆ ಮಾಡಿಕೊಂಡು ಎದ್ದ.

ಒಳಗೆ ಸಪ್ನಾ ಬಂಧನದ ಮೆಮೊ ತುಂಬುತ್ತಿದ್ದರು.

"ಕಾಕಾರ, ನಿಮ್ಮನ್ನ ಬಂಧನ ಮಾಡೇವಿ ಅಂತ ಯಾರಿಗರ ತಿಳಸಬೇಕ್ರಿ. ಕಾಯ್ದೆ ಹಂಗೈತಿ. ತಂಗ್ಯಾರು ಇಲ್ಲೇ ಅದಾರ, ಮನ್ಯಾಗ ಗೊತ್ತೈತಿ. ಯಾರ ಹೆಸರ ಬರೀಲಿ?"

ಮಡಿವಾಳೆಪ್ಪ ಪಟಗವನ್ನು ತೊಡೆಯ ಮೇಲೆ ಮಡಚಿಟ್ಟರು. "ಆ ಹುಡುಗ ಸಾಗರಗ ತಿಳಸ್ರಿ," ಎಂದರು. "ಎಲ್ಲಾರಕಿಂತ ಮೊದಲ ಅವಗ ಗೊತ್ತಾಗ್ಲಿ."

ಸಪ್ನಾ ತಾವೇ ಫೋನ್ ಮಾಡಿದರು. ನಿನ್ನ ಹೆಸರು ತೆಗೆದಿದ್ದೇವೆ, ನೌಕರಿಯ ಕಾಗದ ಇವತ್ತೇ ಹೋಗುತ್ತದೆ ಎಂದರು. ಆ ಕಡೆಯಿಂದ ಉಸಿರು ಬಿಟ್ಟ ಸದ್ದು ಕೇಳಿತು. ಯಾರು ಮಾಡಿದ್ದು ಎಂಬುದನ್ನೂ ಹೇಳಿದರು. ಈಗ ಇಲ್ಲೇ ಕೂತಿದ್ದಾರೆ, ಮೊದಲು ನಿನಗೇ ತಿಳಿಸಿ ಅಂದರು ಎಂದರು. ಸಿಟ್ಟಿಗೆದ್ದು ಕಟ್ ಮಾಡುತ್ತಾನೇನೋ ಎಂದುಕೊಂಡರು.

"ಮೇಡಂ," ಎಂದ ಸಾಗರ, "ಕಾಕಾರಿಗೆ ಶುಗರ್ ಐತ್ರಿ. ಹೊತ್ತಿಗೆ ಸರಿಯಾಗಿ ಉಣಬೇಕು. ಉಂಡಾರೇನ್ರಿ?"

ಸಪ್ನಾ ಬೆಂಚಿನ ಕಡೆ ನೋಡಿದರು. ಲಗಮಣ್ಣ ತರಿಸಿಟ್ಟಿದ್ದ ಊಟದ ಪೊಟ್ಟಣ ಕಟ್ಟು ಬಿಚ್ಚದೆ ಹಾಗೇ ಇತ್ತು.

"ಇಲ್ಲ," ಎಂದರು.

"ಹಂಗಾರ ನಾ ರೊಟ್ಟಿ ತರತೇನ್ರಿ. ಅಲ್ಲಿತನಾ ಒಂದೀಟ ಏನರ ತಿನ್ನಂತ ಹೇಳ್ರಿ ಅವರಿಗೆ."

ಫೋನು ಸ್ಪೀಕರಿನಲ್ಲಿತ್ತು. ಕಣದಲ್ಲಿಯೂ ಜೀಪಿನಲ್ಲಿಯೂ ತಂಗಿಯ ಮುಂದೆಯೂ ಒಂದು ಹನಿ ಕಣ್ಣೀರು ಹಾಕದ ಮಡಿವಾಳೆಪ್ಪ ಪಟಗವನ್ನು ಮುಖಕ್ಕೆ ಒತ್ತಿ ಹಿಡಿದು ಅತ್ತರು. ಸಪ್ನಾ ಮೆಮೊದಲ್ಲಿ ಸಾಗರನ ಹೆಸರು ಬರೆದು, ಹೊತ್ತು ನಮೂದಿಸಿ, ಪೊಟ್ಟಣದ ಕಟ್ಟು ತಾವೇ ಬಿಚ್ಚಿ ಅವರ ಮುಂದಿಟ್ಟರು.